ವೈದ್ಯರ ಬಳಲಿಕೆಯಲ್ಲಿ ಗಣಕ ದಾಖಲೆಯ ಪಾಲು

ಕಡತವನ್ನು ಗಣಕಕ್ಕೇರಿಸಿದರೆ ಸಮಯ ಉಳಿಯುತ್ತದೆಂಬುದು ವ್ಯಾಪಾರ ವಲಯದ ಸಾಮಾನ್ಯ ನಂಬಿಕೆ. ಅಮೆರಿಕದ ವೈದ್ಯರ ಅನುಭವ ಇದಕ್ಕೆ ವ್ಯತಿರಿಕ್ತವಾಗಿದೆ. 2009ರ ಹೈಟೆಕ್ ಕಾಯಿದೆಯನ್ವಯ, ವಿದ್ಯುನ್ಮಾನ ಆರೋಗ್ಯ ದಾಖಲೆಯನ್ನು ಅಳವಡಿಸಿಕೊಂಡ ಆಸ್ಪತ್ರೆಗಳಿಗೂ ವೈದ್ಯರಿಗೂ ಅಲ್ಲಿನ ಸರ್ಕಾರ ಶತಕೋಟಿಗಟ್ಟಲೆ ಡಾಲರ್ ಪ್ರೋತ್ಸಾಹಧನ ನೀಡಿತು. ಕೆಲವೇ ವರ್ಷಗಳಲ್ಲಿ ಬಹುತೇಕ ಆಸ್ಪತ್ರೆಗಳು ಗಣಕೀಕರಣಗೊಂಡವು.

ಪರಿಣಾಮವೇನು? ನಾಲ್ಕು ರಾಜ್ಯಗಳ 57 ವೈದ್ಯರನ್ನು ಗಮನಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ರೋಗಿಯೊಡನೆ ಕಳೆದ ಪ್ರತಿ ಒಂದು ಗಂಟೆಗೆ ಸುಮಾರು ಎರಡು ಗಂಟೆ ಗಣಕ ಹಾಗೂ ಮೇಜಿನ ಕೆಲಸಕ್ಕೆ ವ್ಯಯವಾಗುತ್ತಿತ್ತು. ವಿಸ್ಕಾನ್ಸಿನ್‌ನ 142 ಕುಟುಂಬ ವೈದ್ಯರ ಕುರಿತ 2017ರ ಅಧ್ಯಯನದಲ್ಲಿ 11.4 ಗಂಟೆಗಳ ದುಡಿಮೆಯ ಪೈಕಿ 5.9 ಗಂಟೆ ದಾಖಲೆಗೇ ಮೀಸಲು, ಅದರಲ್ಲಿ 1.4 ಗಂಟೆ ಚಿಕಿತ್ಸಾಲಯದ ವೇಳೆ ಮುಗಿದ ಮೇಲಿನದು. ಮನೆಯಲ್ಲಿ ಕುಳಿತು ಮಾಡುವ ಈ ರಾತ್ರಿಯ ಬಾಕಿ ಕೆಲಸಕ್ಕೆ ಅಲ್ಲಿನ ವೈದ್ಯರು ‘ಪೈಜಾಮ ಟೈಮ್’ ಎಂದೇ ಹೆಸರಿಟ್ಟಿದ್ದಾರೆ.

ದೋಷ ಯಂತ್ರದ್ದಷ್ಟೇ ಅಲ್ಲ, ಬಿಲ್ಲಿನದೂ ಹೌದು. 1995 ಮತ್ತು 1997ರ ಸರ್ಕಾರಿ ಮಾರ್ಗಸೂಚಿಗಳನ್ವಯ, ಹೆಚ್ಚಿನ ಶುಲ್ಕ ಪಡೆಯಲು ರೋಗಚರಿತ್ರೆಯ ಹಾಗೂ ತಪಾಸಣೆಯ ಇಂತಿಷ್ಟು ಅಂಶಗಳು ದಾಖಲಾಗಿರಬೇಕಿತ್ತು. ಹೀಗಾಗಿ ತಂತ್ರಾಂಶವು ಚಿಕಿತ್ಸೆಗಿಂತ ವಸೂಲಿಗೇ ಹೆಚ್ಚು ಹೊಂದಿಕೊಂಡಿತು. ಇದರ ಮೇಲೆ ಪರೀಕ್ಷಾ ವರದಿಗಳು, ರೋಗಿಗಳ ಸಂದೇಶಗಳು, ಔಷಧ ನವೀಕರಣದ ಕೋರಿಕೆಗಳು ಬಂದು ಬೀಳುತ್ತವೆ. ಹಿಂದೆ ಸಹಾಯಕರು ನಿಭಾಯಿಸುತ್ತಿದ್ದ ನಮೂದುಗಳೂ ವೈದ್ಯರ ಪಾಲಿಗೇ ಬಂದವು. ಗಿರಾಕಿ ಎದುರಿಗಿರುವಾಗಲೇ ಅಂಗಡಿಯ ಯಜಮಾನ ಗುಮಾಸ್ತನ ಖಾತೆಯನ್ನೂ ಬರೆಯಬೇಕಾದರೆ ಹೇಗೋ ಹಾಗೆ.

ಬಳಲಿಕೆಗೆ ಬೇರೆ ಕಾರಣಗಳೂ ಇವೆಯೆನ್ನಿ. ಆದಾಗ್ಯೂ 2019ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ವೈದ್ಯರು ಈ ತಂತ್ರಾಂಶಗಳ ಬಳಕೆಯ ಸುಲಭತೆಗೆ ನೂರಕ್ಕೆ ಸರಾಸರಿ 45.9 ಅಂಕವನ್ನಷ್ಟೇ ಕೊಟ್ಟರು. ಕಡಿಮೆ ಅಂಕ ಕೊಟ್ಟವರಲ್ಲಿ ಬಳಲಿಕೆ ಹೆಚ್ಚಾಗಿ ಕಂಡುಬಂದಿತು. ಬಳಲಿದ ವೈದ್ಯರು ಕೆಲಸ ತೊರೆಯುವುದರಿಂದಲೂ ದುಡಿಮೆಯ ವೇಳೆ ತಗ್ಗಿಸುವುದರಿಂದಲೂ ಆಗುವ ವಾರ್ಷಿಕ ನಷ್ಟವನ್ನು ಅದೇ ವರ್ಷ 460 ಕೋಟಿ ಡಾಲರ್ ಎಂದು ಅಂದಾಜಿಸಲಾಯಿತು.

2021ರ ಜನವರಿಯಿಂದ ಹೊರರೋಗಿ ಭೇಟಿಗಳಿಗೆ ಅಂಶಗಳನ್ನೆಣಿಸುವ ನಿಯಮ ಸಡಿಲಗೊಂಡಿದೆ. ಬರವಣಿಗೆಗೆ ಲಿಪಿಕಾರರನ್ನು ನೇಮಿಸುವ ಪದ್ಧತಿಯೂ ಇದೆ. ಸಂಭಾಷಣೆಯನ್ನು ಕೇಳಿ ಟಿಪ್ಪಣಿ ಸಿದ್ಧಪಡಿಸುವ ತಂತ್ರಾಂಶಗಳೂ ಬಳಕೆಗೆ ಬಂದಿವೆ. ಅಮೆರಿಕದ ವೈದ್ಯರ ಧ್ವನಿಮುದ್ರಿತ ಟಿಪ್ಪಣಿಗಳನ್ನು ಬೆರಳಚ್ಚಿಸುವ ಉದ್ಯಮ ಬೆಂಗಳೂರಿಗೆ ಹಳೆಯ ಪರಿಚಯ.

ಭಾರತದಲ್ಲಿ 2021ರ ಸೆಪ್ಟೆಂಬರಿನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ರಾಷ್ಟ್ರವ್ಯಾಪಿಯಾಗಿ ಆರಂಭಗೊಂಡಿತು. ನರ್ಸಿಂಗ್ ಹೋಂಗಳಿಗೆ ತಂತ್ರಾಂಶ ಒದಗಿಸುವ ಇಲ್ಲಿನ ಸಣ್ಣ ಉದ್ಯಮಿಗಳು ಬಿಲ್ಲಿಂಗ್ ವಿಭಾಗವನ್ನಷ್ಟೇ ಕೇಳಿ ವಿನ್ಯಾಸ ರೂಪಿಸದೆ, ಒಂದು ಔಷಧಚೀಟಿಗೆ ವೈದ್ಯರು ಎಷ್ಟು ಬಾರಿ ಗುಂಡಿ ಒತ್ತಬೇಕಾಗುತ್ತದೆಂಬುದನ್ನು ಹೊರರೋಗಿ ವಿಭಾಗದಲ್ಲೇ ಕುಳಿತು ಎಣಿಸಿ ನೋಡುವುದು ಲೇಸು.