ಉಪ್ಪು ನೀರಿನ ದಡದಲ್ಲಿ ಹ್ಯಾಮ್ ಆಂಟೆನಾ

ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೊ ಬಳಸುವವರ, ಆಂಟೆನಾದಿಂದ ಹೊರಡುವ ರೇಡಿಯೊ ಅಲೆಯ ಒಂದು ಪಾಲು ನೇರವಾಗಿ ಆಕಾಶದತ್ತ ಹೋದರೆ, ಇನ್ನೊಂದು ಪಾಲು ನೆಲಕ್ಕೆ ಬಡಿದು ಪ್ರತಿಫಲಿಸಿ ಮೇಲೇಳುತ್ತದೆ. ಇವೆರಡೂ ಮುಂದೆ ಕೂಡಿಕೊಂಡಾಗ ಅಲೆ ಬಲಗೊಳ್ಳಬಹುದು, ಸೊರಗಲೂಬಹುದು. ಅದನ್ನು ನಿರ್ಧರಿಸುವುದರಲ್ಲಿ ಪ್ರತಿಫಲಿಸುವ ನೆಲದ ವಿದ್ಯುತ್ ವಾಹಕತೆಗೆ ದೊಡ್ಡ ಪಾತ್ರವಿದೆ.

ಸಾಧಾರಣ ಮಣ್ಣಿನ ವಾಹಕತೆ ಮೀಟರಿಗೆ ಸುಮಾರು 0.005 ಸೀಮೆನ್ಸ್. ಕಡಲ ನೀರಿನದು ಸುಮಾರು 5, ಅಂದರೆ ಸಾವಿರ ಪಟ್ಟು ಹೆಚ್ಚು. ನೀರಿನಲ್ಲಿ ಕರಗಿದ ಉಪ್ಪಿನ ಅಯಾನುಗಳೇ ಇದಕ್ಕೆ ಕಾರಣ. 14 ಮೆಗಾಹರ್ಟ್ಸ್‌ನ ಅಲೆ ಮಣ್ಣಿನೊಳಗೆ ಕೆಲವು ಮೀಟರ್ ಆಳಕ್ಕೆ ಇಳಿದು ತನ್ನ ಶಕ್ತಿಯನ್ನು ಶಾಖವಾಗಿ ಕಳೆದುಕೊಳ್ಳುತ್ತದೆ. ಕಡಲ ನೀರಿನಲ್ಲಿ ಸುಮಾರು 6 ಸೆಂಟಿಮೀಟರ್ ಇಳಿಯುವಷ್ಟರಲ್ಲೇ ಕ್ಷೀಣಿಸುತ್ತದೆ. ಹಾಗಾಗಿ ಹೆಚ್ಚು ಕಡಿಮೆ ಇಡೀ ಅಲೆ ಮೇಲ್ಮೈಯಿಂದಲೇ ಮರಳಿ ಬರುತ್ತದೆ.

ಇದರ ಪೂರ್ತಿ ಲಾಭ ಸಿಗುವುದು ನೆಟ್ಟಗೆ ನಿಲ್ಲಿಸಿದ ಆಂಟೆನಾಕ್ಕೆ. ಲಂಬ ಆಂಟೆನಾದ ಅಲೆ ಮಣ್ಣಿನ ಮೇಲೆ ಸುಮಾರು 15 ಡಿಗ್ರಿಗಿಂತ ಕೆಳಗಿನ ಕೋನದಲ್ಲಿ ಪ್ರತಿಫಲಿಸುವಾಗ ಅದರ ಏರಿಳಿತ ತಿರುವುಮುರುವಾಗುತ್ತ ಹೋಗುತ್ತದೆ. ದಿಗಂತಕ್ಕೆ ಹತ್ತಿರವಾದಷ್ಟೂ ಅದು ನೇರ ಅಲೆಯನ್ನು ಹೆಚ್ಚು ಹೆಚ್ಚಾಗಿ ಅಳಿಸುತ್ತದೆ. ಈ ಗಡಿಗೆ ಹುಸಿ ಬ್ರೂಸ್ಟರ್ ಕೋನ ಎಂದು ಹೆಸರು. ಕಡಲ ನೀರಿನ ಮೇಲೆ ಅದು 1 ಡಿಗ್ರಿಗಿಂತಲೂ ಕೆಳಕ್ಕೆ ಇಳಿಯುವುದರಿಂದ ದಿಗಂತದ ಅಂಚಿನವರೆಗೂ ಎರಡು ಅಲೆಗಳು ಒಂದನ್ನೊಂದು ಬಲಪಡಿಸುತ್ತವೆ. 5 ಡಿಗ್ರಿ ಎತ್ತರದ ಕೋನದಲ್ಲಿ ಒಳನಾಡಿಗಿಂತ ಸುಮಾರು 10 ಡೆಸಿಬೆಲ್ ಹೆಚ್ಚು ಬಲ ದೊರೆಯುತ್ತದೆ. 100 ವಾಟ್‌ನ ಟ್ರಾನ್ಸ್‌ಮಿಟರ್ 1000 ವಾಟ್‌ನದರಂತೆ ಕೇಳಿಸುವಷ್ಟು ದೊಡ್ಡ ಅಂತರ ಇದು. ಇಷ್ಟನ್ನು ಬೇರೆ ಉಪಾಯದಿಂದ ಗಳಿಸಲು ಎತ್ತರದ ಗೋಪುರ, ದುಬಾರಿ ಆಂಪ್ಲಿಫೈಯರ್‌ಗಳೇ ಬೇಕಾಗುತ್ತವೆ.

ದೂರ ಸಂಪರ್ಕಕ್ಕೆ ಈ ತಗ್ಗು ಕೋನಗಳೇ ಮುಖ್ಯ. ಭೂಮಿಯಿಂದ 300 ಕಿ.ಮೀ. ಎತ್ತರದ ಅಯಾನುಗೋಳದ ಪದರಕ್ಕೆ 30 ಡಿಗ್ರಿಯಲ್ಲಿ ಹೋದ ಅಲೆ ಅಲ್ಲಿಂದ ಮರಳಿ ಸುಮಾರು 900 ಕಿ.ಮೀ. ಆಚೆ ಇಳಿದರೆ, 5 ಡಿಗ್ರಿಯಲ್ಲಿ ಹೋದದ್ದು ಒಂದೇ ನೆಗೆತಕ್ಕೆ 2900 ಕಿ.ಮೀ. ಹತ್ತಿರ ತಲುಪುತ್ತದೆ. ನೆಗೆತಗಳು ಕಡಿಮೆಯಾದಷ್ಟೂ ದಾರಿಯ ನಷ್ಟವೂ ಕಡಿಮೆ. 1990ರ ದಶಕದ ಕೊನೆಯಲ್ಲಿ 'ಟೀಮ್ ವರ್ಟಿಕಲ್' ಎಂಬ ಹ್ಯಾಮ್ ತಂಡ ಜಮೈಕಾದ ಕಡಲಂಚಿನಲ್ಲಿ ಲಂಬ ಆಂಟೆನಾಗಳನ್ನು ನಿಲ್ಲಿಸಿ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಕಡಲ ದಡದ ಈ ಲಾಭವನ್ನು ತೋರಿಸಿಕೊಟ್ಟಿತು.

ಅಡ್ಡಲಾಗಿ ಕಟ್ಟಿದ ಡೈಪೋಲ್ ಆಂಟೆನಾಕ್ಕೆ ಮಾತ್ರ ಕಡಲಿನಿಂದ ಅಷ್ಟೇನೂ ಪ್ರಯೋಜನವಿಲ್ಲ. ತಗ್ಗು ಕೋನದಲ್ಲಿ ಅದರ ಅಲೆಯನ್ನು ಮಣ್ಣೂ ಚೆನ್ನಾಗಿಯೇ ಪ್ರತಿಫಲಿಸುತ್ತದೆ. ಅದಕ್ಕೆ ಬೇಕಿರುವುದು ಎತ್ತರ.

ನೀರಿದ್ದರೆ ಸಾಕು ಎಂಬ ನಂಬಿಕೆ ಹ್ಯಾಮ್‌ಗಳಲ್ಲಿ ಉಂಟು, ಅದು ಸರಿಯಲ್ಲ. ಸಿಹಿನೀರಿನ ವಾಹಕತೆ ಹೆಚ್ಚಾಗಿ ಸಾಧಾರಣ ಮಣ್ಣಿನ ಆಸುಪಾಸಿನಲ್ಲೇ ಇರುತ್ತದೆ. ಕನ್ನಂಬಾಡಿಯ ಹಿನ್ನೀರಿನ ದಂಡೆಯಲ್ಲಿ ಮಲ್ಪೆ ಕಡಲತೀರದ ಫಲ ಸಿಗದು. ನದಿ ಕಡಲು ಸೇರುವ ಅಳಿವೆಗಳಲ್ಲಿ ಮಳೆಗಾಲದ ನೆರೆ ಬಂದಾಗ ಉಪ್ಪಿನಂಶ ಇಳಿಯುತ್ತದೆ, ಅದರೊಂದಿಗೆ ವಾಹಕತೆಯೂ.

ಜಾಗದ ಆಯ್ಕೆಯಲ್ಲಿ ದೂರ ಮತ್ತು ದಿಕ್ಕು ಎರಡನ್ನೂ ನೋಡಬೇಕು. 5 ಮೀಟರ್ ಎತ್ತರದಿಂದ 5 ಡಿಗ್ರಿ ಕೋನದಲ್ಲಿ ಹೋಗುವ ಅಲೆಯ ಪ್ರತಿಫಲನ ಬಿಂದು ಆಂಟೆನಾದಿಂದ ಸುಮಾರು 57 ಮೀಟರ್ ದೂರದಲ್ಲಿರುತ್ತದೆ, ಅದರ ಸುತ್ತಲಿನ ವಿಶಾಲ ಪಟ್ಟಿಯೂ ಲೆಕ್ಕಕ್ಕೆ ಬರುತ್ತದೆ. ಅಲ್ಲಿ ಮರಳಿದ್ದರೆ ಲಾಭ ಕುಗ್ಗುತ್ತದೆ. ಆದ್ದರಿಂದ ಆಂಟೆನಾ ನೀರಿಗೆ ಹತ್ತಿರವಿದ್ದಷ್ಟೂ ಒಳ್ಳೆಯದು. ಲಾಭವೂ ಕಡಲಿರುವ ದಿಕ್ಕಿಗಷ್ಟೇ: ಕರಾವಳಿ ಕರ್ನಾಟಕದ ಹ್ಯಾಮ್‌ಗೆ ಅರಬ್ಬೀ ಸಮುದ್ರದಾಚೆಯ ಅರೇಬಿಯಾ, ಆಫ್ರಿಕಾಗಳತ್ತ ದಾರಿ ತೆರೆದಿದ್ದರೆ, ಮೂಡಣದಲ್ಲಿ ಮಣ್ಣೂ ಇದೆ, ತಗ್ಗು ಕೋನಕ್ಕೆ ಅಡ್ಡವಾಗಿ ಪಶ್ಚಿಮ ಘಟ್ಟವೂ ಇದೆ.

ಒಣ ಮರಳು ಕೆಟ್ಟ ವಾಹಕ. ಮರಳ ಮೇಲೆ ನಿಂತ ಕಾಲು-ಅಲೆಯುದ್ದದ ಆಂಟೆನಾದ ಬುಡದಲ್ಲಿ ರೇಡಿಯಲ್ ತಂತಿಗಳನ್ನು ಹರಡದಿದ್ದರೆ ಶಕ್ತಿ ಅಲ್ಲೇ ಪೋಲಾಗುತ್ತದೆ. ನೆಲದಿಂದ ಮೇಲೆತ್ತಿ ಕಟ್ಟಿದ ಎರಡು ಅಥವಾ ನಾಲ್ಕು ರೇಡಿಯಲ್‌ಗಳು ತಾತ್ಕಾಲಿಕ ಠಾಣೆಗೆ ಸಾಕು. ಉಬ್ಬರದ ನೀರು ಮುಟ್ಟದಂತೆ ಅವುಗಳ ಎತ್ತರವನ್ನು ಮೊದಲೇ ನೋಡಿಕೊಳ್ಳಬೇಕು.

ಅಲೆಯನ್ನು ದೂರ ಕಳಿಸುವ ಉಪ್ಪೇ ಲೋಹವನ್ನು ತಿನ್ನುತ್ತದೆ. ಅಲ್ಯೂಮಿನಿಯಂ ಕೊಳವೆಗೆ ತಾಮ್ರದ ತಂತಿ ತಾಗಿದ ಕಡೆ ಉಪ್ಪಿನ ತೇವ ಸೇರಿದರೆ ಅಲ್ಯೂಮಿನಿಯಂ ಬೇಗ ಸವೆದು ಬಿಳಿ ಪುಡಿ ಕಟ್ಟುತ್ತದೆ, ಸಂಪರ್ಕ ಸಡಿಲಗೊಳ್ಳುತ್ತದೆ. ಇನ್ಸುಲೇಟರ್ ಮೇಲೆ ಕೂತ ಉಪ್ಪಿನ ತೆಳು ಪದರಕ್ಕೆ ಇಬ್ಬನಿ ತಾಗಿದರೆ ವಿದ್ಯುತ್ ಸೋರಿ ಕಿಡಿ ಹಾರಲೂಬಹುದು. ಕನೆಕ್ಟರ್‌ಗಳಿಗೆ ನೀರು ಹೋಗದಂತೆ ಟೇಪ್ ಸುತ್ತಿ, ಪ್ರತಿ ಬಾರಿ ಬಳಸಿದ ಮೇಲೆ ತಂತಿ, ಕೊಳವೆ, ಇನ್ಸುಲೇಟರ್‌ಗಳನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿ ಎತ್ತಿಡಬೇಕು.