ಮದ್ದಿಲ್ಲದ ಕಡ್ಡಿ

ಮದ್ದಿಲ್ಲದ ಬೆಂಕಿಕಡ್ಡಿಯನ್ನು ಬೆಂಕಿಕಡ್ಡಿ ಎನ್ನಬಹುದೇ? ಅರಳಿಕಟ್ಟೆಯ ಮೇಲೆ ಕೂತವರ ತರಲೆ ಪ್ರಶ್ನೆಯಂತಿದೆ. ಆದರೆ 2024ರ ಜನವರಿಯಲ್ಲಿ ಫ್ರಾನ್ಸಿನ ರಿಷಾರ್ ಪ್ಲೋ ಎಂಬವರ ಎಂಟು ವರ್ಷಗಳ ದುಡಿಮೆ ನೀರುಪಾಲಾಗುವಂತಾದದ್ದು ಇದೇ ಪ್ರಶ್ನೆಯಿಂದ.

ಪ್ಲೋ ಬೆಂಕಿಕಡ್ಡಿಯಲ್ಲಿ ಕಟ್ಟಿದ್ದು ಐಫೆಲ್ ಗೋಪುರ. ಎತ್ತರ 7.19 ಮೀಟರ್, ನಮ್ಮ ಎರಡಂತಸ್ತಿನ ಮನೆಯ ತಾರಸಿ ಮುಟ್ಟುವಷ್ಟು. 7,06,900 ಕಡ್ಡಿ, 23 ಕಿಲೋ ಅಂಟು, 4,200 ಗಂಟೆ. ಗುಸ್ತಾವ್ ಐಫೆಲ್ ತೀರಿಕೊಂಡು ಸರಿಯಾಗಿ ನೂರು ವರ್ಷ ತುಂಬಿದ ದಿನ, 2023ರ ಡಿಸೆಂಬರ್ 27ರಂದು, ಕೆಲಸ ಮುಗಿಸಿದರು. ಅಲ್ಲಿಯವರೆಗಿನ ಎತ್ತರದ ಗಿನ್ನೆಸ್ ದಾಖಲೆ ಲೆಬನಾನಿನ ತೌಫಿಕ್ ದಾಹೆರ್ ಅವರದು. 2009ರಲ್ಲಿ ಅವರು ಕಟ್ಟಿದ್ದೂ ಐಫೆಲ್ ಗೋಪುರವನ್ನೇ, 6.53 ಮೀಟರ್.

ಗಿನ್ನೆಸ್‌ನವರು ಒಪ್ಪಲಿಲ್ಲ. ಕಾರಣ ಕೇಳಿ: ಪ್ಲೋ ಮೊದಮೊದಲು ಅಂಗಡಿಯಿಂದ ಪೊಟ್ಟಣ ತಂದು ಒಂದೊಂದೇ ಕಡ್ಡಿಯ ತಲೆ ಕತ್ತರಿಸುತ್ತಿದ್ದರು. ಸಾಕಾಗಿಹೋಗಿ, ತಯಾರಕರನ್ನೇ ಕೇಳಿ ಮದ್ದು ಹಚ್ಚದ ಕಡ್ಡಿಗಳನ್ನು ಕಿಲೋಗಟ್ಟಲೆ ತರಿಸಿಕೊಂಡರು. ಅಂಥ ಕಡ್ಡಿ ಅಂಗಡಿಯಲ್ಲಿ ಮಾರಾಟಕ್ಕಿಲ್ಲ, ಹಾಗಾಗಿ ನಿಯಮಕ್ಕೆ ಹೊಂದುವುದಿಲ್ಲ ಎಂಬುದು ತಕರಾರು. ನನಗಂತೂ ಇದು ಮಡಿ-ಮೈಲಿಗೆಯ ವಾದದಂತೆ ಕಂಡಿತು. ಮೂರು ಸೆಕೆಂಡಿಗೊಂದು ಕತ್ತರಿಸಿದರೂ ಅಷ್ಟು ಕಡ್ಡಿಗೆ ಸುಮಾರು 590 ಗಂಟೆ ಬೇಕು. ಜಗತ್ತಿನಾದ್ಯಂತ ಪತ್ರಿಕೆಗಳು ಬರೆದವು, ಜನ ಗೊಣಗಿದರು. ಫೆಬ್ರುವರಿಯಲ್ಲಿ ಗಿನ್ನೆಸ್ ತನ್ನ ಬಿಗಿ ಹೆಚ್ಚಾಯಿತೆಂದು ಒಪ್ಪಿಕೊಂಡು ದಾಖಲೆ ಕೊಟ್ಟಿತು.

ತಲೆ ಕತ್ತರಿಸುವುದು ಅಷ್ಟು ಕಷ್ಟವೇ ಎಂದು ನೋಡಲು ನಾನೂ ಕೂತೆ. ಬೀದಿಕೊನೆಯ ಅಂಗಡಿಯಲ್ಲಿ ಹತ್ತು ಪೊಟ್ಟಣ ಕೇಳಿದಾಗ ಅಂಗಡಿಯಾಕೆ, ‘ಏನ್ ಸಾರ್, ಮತ್ತೆ ಲೋಡ್‌ಶೆಡ್ಡಿಂಗಾ?’ ಎಂದರು. ಕೊಟ್ಟದ್ದು ಮೇಣದ ಕಡ್ಡಿ. ನೇಲ್ ಕಟರ್ ಇಟ್ಟರೆ ಬತ್ತಿಯಂತೆ ಮುದುಡುತ್ತದೆ. ವಾಪಸು ಹೋಗಿ ಮರದ ಕಡ್ಡಿ ತಂದೆ. ಅದರಲ್ಲೂ ಪೊಟ್ಟಣಕ್ಕೆ ಹತ್ತಾದರೂ ಸೊಟ್ಟ, ಸೀಳು, ಒಂದು ಬದಿ ದಪ್ಪ. ನೂರು ಕಡ್ಡಿ ಕತ್ತರಿಸುವ ಹೊತ್ತಿಗೆ ಹೆಬ್ಬೆರಳು ಕೆಂಪಗಾಗಿತ್ತು. ಕತ್ತರಿಸಿದ ತಲೆಗಳನ್ನು ಡಬ್ಬಿಯಲ್ಲಿ ಕೂಡಿಡಬೇಡಿ, ನೀರಿಗೆ ಹಾಕಿ. ಪೊಟ್ಯಾಸಿಯಂ ಕ್ಲೋರೇಟ್ ಇರುವ ಮದ್ದು ಅದು, ಒಂದಕ್ಕೆ ಹತ್ತಿದರೆ ಅಷ್ಟಕ್ಕೂ ಹತ್ತುತ್ತದೆ.

ಆಮೇಲಿನದು ತಾಳ್ಮೆಯ ಕೆಲಸ. ಕಟ್ಟಲಿರುವ ಪುಟ್ಟ ಮನೆಯ ಗೋಡೆಯ ಅಳತೆಯನ್ನು ಕಾಗದದ ಮೇಲೆ ಬರೆದು, ಅದರ ಮೇಲೆ ಎಣ್ಣೆಕಾಗದ ಹಾಸಿ, ಕಡ್ಡಿಗಳನ್ನು ಫೆವಿಕಾಲ್ ಸವರಿ ಒತ್ತೊತ್ತಾಗಿ ಮಲಗಿಸುವುದು. ಒಣಗಿದ ಮೇಲೆ ಉಜ್ಜುಕಾಗದ. ಬಾಗು ಬೇಕಾದಲ್ಲಿ ಅಮೆರಿಕದ ಪ್ಯಾಟ್ರಿಕ್ ಆಕ್ಟನ್ ಚೂಪು ಮೂತಿಯ ಇಕ್ಕಳದಿಂದ ಕಡ್ಡಿಯನ್ನು ಅಲ್ಲಲ್ಲಿ ಅದುಮಿ ಬಳುಕಿಸುತ್ತಾರೆ. 1977ರಲ್ಲಿ ಐನೂರು ಕಡ್ಡಿಯ ಪುಟ್ಟ ಚರ್ಚಿನಿಂದ ಶುರು ಮಾಡಿದವರು ಅವರು. ವರ್ಷಗಟ್ಟಲೆ ತಲೆ ಕತ್ತರಿಸಿ, ಕೊನೆಗೆ ಅವರೂ ಕಾರ್ಖಾನೆಗೇ ಕಾಗದ ಬರೆದರು. ಅಯೋವಾ ರಾಜ್ಯದ ಗ್ಲ್ಯಾಡ್‌ಬ್ರೂಕ್ ಎಂಬ ಪುಟ್ಟ ಊರಿನಲ್ಲಿ ಅವರ ಕೃತಿಗಳದ್ದೇ ಒಂದು ಸಂಗ್ರಹಾಲಯವಿದೆ.

ಕಡ್ಡಿಯ ಚರಿತ್ರೆ ಚಿಕ್ಕದು. 1827ರಲ್ಲಿ ಇಂಗ್ಲೆಂಡಿನ ಔಷಧ ವ್ಯಾಪಾರಿ ಜಾನ್ ವಾಕರ್ ಗೀರಿದರೆ ಹತ್ತುವ ಕಡ್ಡಿ ಮಾರಿದ. ಶಿವಕಾಶಿಯ ಇಬ್ಬರು ನಾಡಾರ್ ಬಂಧುಗಳು ಕಲ್ಕತ್ತಕ್ಕೆ ಹೋಗಿ ಕಸುಬು ಕಲಿತು, 1920ರ ದಶಕದಲ್ಲಿ ಊರಿಗೆ ತಂದರು. ನನಗೆ ಹಿಡಿಸಿದ್ದು ಮರದ ಸಂಗತಿ: ಅಗರಬತ್ತಿಗೆ ಘಮ ಕೊಡುವ ಹಾಲುಮಡ್ಡಿ ಒಸರುವ ಮರವೇ ಪಶ್ಚಿಮ ಘಟ್ಟದ ಕೆಳಗೆ ಬೆಂಕಿಕಡ್ಡಿಗೂ ಆಗಿಬಂದಿದೆ. ದೇವರ ಮುಂದೆ ಹಚ್ಚುವ ಕಡ್ಡಿ, ಅದನ್ನು ಹೊತ್ತಿಸುವ ಕಡ್ಡಿ, ಎರಡಕ್ಕೂ ಒಂದೇ ತಾಯಿ.

ನಮ್ಮ ಅತ್ತೆಯ ಮನೆ ಷೋಕೇಸಿನಲ್ಲಿ ಒಂದು ಬೆಂಕಿಕಡ್ಡಿ ಗುಡಿಸಲಿತ್ತು. ಕಿಟಕಿಗೆ ಕೆಂಪು ಜಿಲೇಟಿನ್ ಕಾಗದ, ಒಳಗೆ ಟಾರ್ಚಿನ ಬಲ್ಬು. ಯಾರೇ ಬರಲಿ, ಕಾಫಿಗೆ ಮೊದಲು ಅದರ ದೀಪ ಹತ್ತಬೇಕು. ಮಾಡಿದ್ದು ಮಾವ, ಕಾಲು ಮುರಿದುಕೊಂಡು ಮಲಗಿದ್ದ ಮೂರು ತಿಂಗಳಲ್ಲಿ. ಈಗ ಅಡುಗೆಮನೆಯಲ್ಲಿ ಲೈಟರು ಬಂದು ಕೂತಿದೆ. 2021ರ ಡಿಸೆಂಬರಿನಲ್ಲಿ ಪೊಟ್ಟಣದ ಬೆಲೆ ಒಂದರಿಂದ ಎರಡು ರೂಪಾಯಿ ಆದಾಗಲೂ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಗುಡಿಸಲು ಮನೆ ಬದಲಿಸುವಾಗ ಎಲ್ಲೋ ಹೋಯಿತು.

ನಿಮ್ಮ ಅಟ್ಟದ ಮೇಲೆ ಅಂಥದೊಂದು ಇದ್ದರೆ ಕೆಳಗಿಳಿಸಿ. ಧೂಳನ್ನು ಒಣ ಬ್ರಷ್ಷಿನಿಂದಲೇ ತೆಗೆಯಿರಿ. ಒದ್ದೆ ಬಟ್ಟೆ ತಾಗಿದರೆ ಅಂಟು ಬಿಡುತ್ತದೆ.