ಐತವಾರದ ಸಂಜೆಯ ಭಾರ



ಕಳೆದ ಶ್ರಾವಣದಲ್ಲಿ ಒಂದು ಭಾನುವಾರ ಸಾಯಂಕಾಲ ಪೂಜೆ ಮುಗಿಸಿ ನಾವು ಮಠದ ಕಟ್ಟೆಯ ಮೇಲೆ ಕುಳಿತಿದ್ದೆವು. ಸಮೀಪದ ಹಳ್ಳಿಯ ಹಿರಿಯ ಭಕ್ತರೊಬ್ಬರು ಮಗನನ್ನು ಕರೆದುಕೊಂಡು ಬಂದರು. ಮಗ ಬೆಂಗಳೂರಿನ ಖಾಸಗಿ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರದ ಕೆಲಸದವನು. ವಾರಕ್ಕೆರಡು ದಿನ ರಜೆ. ಅಂದು ರಾತ್ರಿಯ ಬಸ್ಸಿಗೆ ಅವನು ಹಿಂತಿರುಗಬೇಕಿತ್ತು.

“ಅಜ್ಜಾರ, ಇವಗ ಸ್ವಲ್ಪ ಬುದ್ಧಿ ಹೇಳ್ರಿ. ಶನಿವಾರ ನಕ್ಕೋಂತ ಬರ್ತಾನ. ಐತವಾರ ಹೊತ್ತು ಇಳಿಯೂದ ತಡ, ಊಟ ಬ್ಯಾಡಂತಾನ, ಮಾತ ಆಡೂದಿಲ್ಲ. ದುಡಿಮಿ ಅಂದ್ರ ಬ್ಯಾಸರ ಆಗೇತಿ ಇವಗ” ಎಂದರು ತಂದೆ. ಮಗ ತಲೆ ತಗ್ಗಿಸಿಕೊಂಡು ಕುಳಿತಿದ್ದ.

ತಂದೆಯನ್ನು ಪ್ರಸಾದಕ್ಕೆ ಕಳುಹಿಸಿ, “ಏನು ತಮ್ಮಾ?” ಎಂದೆವು. “ಕೆಲಸಕ್ಕ ನಾ ಅಂಜೂದಿಲ್ರಿ ಅಜ್ಜಾರ. ಆದ್ರ ನಾಳೆ ಅನ್ನೂದು ನೆನಪಾದ್ರ ಹೊಟ್ಯಾಗ ಕಲ್ಲು ಇಟ್ಟಂಗ ಆಗತೈತಿ” ಎಂದ.

ಈ ಮಾತನ್ನು ನಾವು ಶಿಕ್ಷಕರ ಬಾಯಲ್ಲಿ, ದಾದಿಯರ ಬಾಯಲ್ಲಿ, ಕಚೇರಿಯ ಗುಮಾಸ್ತರ ಬಾಯಲ್ಲಿಯೂ ಕೇಳಿದ್ದೇವೆ. ಹಿರಿಯರು ಇದನ್ನು ಮೈಗಳ್ಳತನವೆಂದು ತಿಳಿಯುವುದುಂಟು. ನಮಗೆ ಹಾಗೆ ಕಾಣುವುದಿಲ್ಲ. ಮೈಗಳ್ಳನಿಗೆ ಸೋಮವಾರದ ಚಿಂತೆ ಎಲ್ಲಿಯದು? ಅವನು ಸುಖವಾಗಿ ನಿದ್ರಿಸುತ್ತಾನೆ.

ನಾಳೆ ನಿನಗಾಗಿ ಏನು ಕಾದಿದೆ ಎಂದು ಕೇಳಿದೆವು. ಮೊದಲು “ಎಲ್ಲಾ ಐತ್ರಿ” ಎಂದ. ಈ “ಎಲ್ಲಾ” ಎಂಬ ಮಾತಿನಲ್ಲಿಯೇ ತೊಡಕು ಇರುವುದು. ಕಲ್ಯಾಣದ ಆಯ್ದಕ್ಕಿ ಮಾರಯ್ಯನ ಪ್ರಸಂಗ ತಾವೆಲ್ಲ ಕೇಳಿದ್ದೀರಿ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮ ಒಪ್ಪಲಿಲ್ಲ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ನಾವು ಇದನ್ನು ದುರಾಸೆಯ ವಿಷಯವೆಂದೇ ಪ್ರವಚನ ಮಾಡುತ್ತ ಬಂದಿದ್ದೇವೆ. ಆ ಹುಡುಗನ ಮುಖ ನೋಡುವಾಗ ಬೇರೊಂದು ಅರ್ಥ ಹೊಳೆಯಿತು. ಇವನು ಐತವಾರ ಸಂಜೆಯೇ ಇಡೀ ವಾರದ ಅಕ್ಕಿಯನ್ನು ಉಡಿಯಲ್ಲಿ ಕಟ್ಟಿಕೊಂಡು ಕುಳಿತಿದ್ದಾನೆ. ಹೊಟ್ಟೆ ಭಾರವಾಗದೆ ಏನಾದೀತು?

ನಿಧಾನವಾಗಿ ಗಂಟು ಬಿಚ್ಚಿಸಿದೆವು. ಶುಕ್ರವಾರ ಒಂದು ಲೆಕ್ಕ ತಾಳೆಯಾಗದೆ ಅರ್ಧಕ್ಕೇ ಬಿಟ್ಟು ಎದ್ದು ಬಂದಿದ್ದ. ಭಾನುವಾರ ಹತ್ತು ಗಂಟೆಯವರೆಗೆ ಮಲಗಿದ್ದರಿಂದ ಆ ರಾತ್ರಿ ನಿದ್ರೆ ಬಾರದೆಂಬ ಅಂಜಿಕೆ. ಮೂರನೆಯದನ್ನು ಹೇಳುವಾಗ ಅವನ ದನಿ ಇಳಿಯಿತು. ಸೋಮವಾರ ಬೆಳಿಗ್ಗೆ ಸಭೆ. ಅಲ್ಲಿ ಮೇಲಧಿಕಾರಿ ಒಬ್ಬೊಬ್ಬರನ್ನೇ ನಿಲ್ಲಿಸಿ ಎಲ್ಲರೆದುರು ತಪ್ಪು ಎಣಿಸುತ್ತಾನೆ.

ಇಲ್ಲಿ ನಮ್ಮ ಒಕ್ಕಲು ಮಕ್ಕಳ ಒಂದು ಪದ್ಧತಿ ನೆನಪಾಗುತ್ತದೆ. ಸೋಮವಾರ ಬಸವಣ್ಣನ ದಿನವೆಂದು ನಮ್ಮ ಎಷ್ಟೋ ಹಳ್ಳಿಗಳಲ್ಲಿ ಅಂದು ಎತ್ತಿಗೆ ನೊಗ ಹಾಕುವುದಿಲ್ಲ. ಟ್ರ್ಯಾಕ್ಟರು ಬಂದ ಮೇಲೆ ಈ ಪದ್ಧತಿ ತೆಳುವಾಗಿದೆ, ಆದರೂ ಎತ್ತು ಇರುವ ಮನೆಗಳಲ್ಲಿ ಉಳಿದಿದೆ. ಪಟ್ಟಣದ ಮಕ್ಕಳಿಗೆ ಅಂಜಿಕೆ ಹುಟ್ಟಿಸುವ ದಿನವೇ ಎತ್ತಿಗೆ ಬಿಡುವಿನ ದಿನ! (ದುಡಿಯುವ ಮನುಷ್ಯನಿಗೆ ವಾರದ ರಜೆ ಅಷ್ಟು ಸುಲಭವಾಗಿ ಸಿಕ್ಕಿದ್ದಲ್ಲ. ಮುಂಬಯಿಯ ಗಿರಣಿ ಕಾರ್ಮಿಕರಿಗಾಗಿ ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿದ ಮೇಲೆ 1890ರಲ್ಲಿ ಭಾನುವಾರದ ಬಿಡುವು ದೊರೆಯಿತು. ಎತ್ತಿಗೆ ಬಿಡುವು ಕೊಡಲು ನಮ್ಮವರಿಗೆ ಯಾವ ಹೋರಾಟವೂ ಬೇಕಾಗಿರಲಿಲ್ಲ.)

ಆ ಸೋಮವಾರ ಸಂಜೆ ಹಿಂದಿನ ರೈತ ಏನು ಮಾಡುತ್ತಿದ್ದ? ಎತ್ತಿನ ಮೈ ತೊಳೆದು, ಮೇವು ಹಾಕಿ, ಮಿಣಿ, ಜತ್ತಿಗೆ ಹರಿದಿದ್ದರೆ ಕಟ್ಟಿ, ನಾಳೆ ಬೇಕಾದ ಕುಂಟೆಯನ್ನೋ ಕೂರಿಗೆಯನ್ನೋ ಅಂಗಳಕ್ಕೆ ತಂದಿಟ್ಟು ಮಲಗುತ್ತಿದ್ದ. ಅರ್ಧ ಗಳಿಗೆಯ ಕೆಲಸ. ಇಡೀ ಹೊಲವನ್ನು ಮನಸ್ಸಿನಲ್ಲಿ ಹರಗುತ್ತ ರಾತ್ರಿ ಕಳೆಯುತ್ತಿರಲಿಲ್ಲ. ಆ ಹುಡುಗನಿಗೂ ಇಷ್ಟೇ ಹೇಳಿದೆವು: ಶುಕ್ರವಾರ ಏಳುವ ಮುನ್ನ, ಎಲ್ಲಿಗೆ ಬಿಟ್ಟಿದ್ದೇನೆ, ಸೋಮವಾರ ಎಲ್ಲಿಂದ ಹಿಡಿಯಬೇಕು ಎಂದು ಒಂದು ಚೀಟಿಯಲ್ಲಿ ಬರೆದಿಡು. ರಜೆಯ ದಿನವೂ ನಿತ್ಯದ ಹೊತ್ತಿಗೇ ಏಳು; ನಿದ್ರೆ ಬೇಕಾದರೆ ಮಧ್ಯಾಹ್ನ ತುಸು ಮಲಗು. ಸಂಜೆ ಕಚೇರಿಯ ಸಂದೇಶಗಳನ್ನು ಮತ್ತೆ ಮತ್ತೆ ತೆರೆದು ನೋಡಬೇಡ.

ನಾವೇನು ಹುಟ್ಟಿನಿಂದ ಧೈರ್ಯವಂತರಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿದ್ದಾಗ ರಜೆ ಮುಗಿಸಿ ಹೊರಡುವ ದಿನ ನಮಗೆ ತಪ್ಪದೆ ಹೊಟ್ಟೆನೋವು ಬರುತ್ತಿತ್ತು. ತಾಯಿ ಓಮಿನ ಕಷಾಯ ಕೊಟ್ಟು, ರೊಟ್ಟಿಯ ಗಂಟು ಕೈಗಿತ್ತು ಕಳಿಸುತ್ತಿದ್ದರು. ಒಪ್ಪಿಸಬೇಕಾದ ಪಾಠ ಮರೆತುಹೋಗಿರುತ್ತಿತ್ತು. ಆದರೆ ನಮ್ಮ ಗುರುಗಳು ಬಂದ ದಿನ ಪಾಠವನ್ನೇ ಕೇಳುತ್ತಿರಲಿಲ್ಲ. “ಮೊದಲು ಹಿತ್ತಲಿಗೆ ಹೋಗಿ ಪತ್ರಿ ತಾ” ಎನ್ನುತ್ತಿದ್ದರು. ಬಿಲ್ವದ ಎಲೆ ಕೊಯ್ದು, ತೊಳೆದು, ಬುಟ್ಟಿಗೆ ಹಾಕುವಷ್ಟರಲ್ಲಿ ಕೈಗೆ ಕೆಲಸ ಹತ್ತಿ, ಹೊಟ್ಟೆನೋವು ಎಲ್ಲಿ ಹೋಯಿತೋ ತಿಳಿಯುತ್ತಿರಲಿಲ್ಲ. ಆದ್ದರಿಂದಲೇ ಸೋಮವಾರದ ಮೊದಲ ಅರ್ಧ ಗಂಟೆಗೆ ಕೈಗೆ ಬಗ್ಗುವ ಸಣ್ಣ ಕೆಲಸವೊಂದನ್ನು ಎತ್ತಿಡು ಎಂದು ಅವನಿಗೆ ಹೇಳಿದೆವು.

ಮೂರನೆಯ ಸಂಗತಿಗೆ ಚೀಟಿಯೂ ಸಾಲದು, ಪತ್ರಿಯೂ ಸಾಲದು. ಕಾಯಕವೆಂದರೆ ಅವಮಾನ ನುಂಗುವುದೆಂದು ಶರಣರು ಎಲ್ಲಿಯೂ ಹೇಳಿಲ್ಲ. ಹಗ್ಗ ಹೊಸೆಯುವ ನುಲಿಯ ಚಂದಯ್ಯನಿಗೂ ಕಲ್ಯಾಣದಲ್ಲಿ ಮಾನವಿತ್ತು. “ಸಹಿಸು” ಎಂದು ಆ ಹುಡುಗನಿಗೆ ಹೇಳಲು ನಮಗೆ ಬಾಯಿ ಬರಲಿಲ್ಲ. ತಪ್ಪಿದ್ದರೆ ಪ್ರತ್ಯೇಕವಾಗಿ ಹೇಳಿರೆಂದು ವಿನಯದಿಂದ ಕೇಳು, ಜೊತೆಗಾರರೊಡನೆ ಸೇರಿ ಕೇಳು, ಆಗದಿದ್ದರೆ ಬೇರೆ ಕೆಲಸ ಹುಡುಕುವುದು ಪಾಪವಲ್ಲ ಎಂದೆವು. ಅಂಗಡಿ, ಕಾರ್ಖಾನೆ, ಶಾಲೆ ನಡೆಸುವ ಭಕ್ತರೂ ಈ ಅಂಕಣ ಓದುತ್ತೀರಿ. ಭಾನುವಾರ ರಾತ್ರಿ ಆಳಿಗೆ ಫೋನು ಮಾಡಿ ಸೋಮವಾರದ ಸಿಟ್ಟನ್ನು ಮುಂಗಡವಾಗಿ ಕೊಡುವುದನ್ನು ದಯಮಾಡಿ ಬಿಡಿರಿ.

ತಂದೆ ಪ್ರಸಾದ ಮುಗಿಸಿ ಬಂದರು. ಅವರಿಗೂ ಎರಡು ಮಾತು ಹೇಳಬೇಕಾಯಿತು. ಹೊರಡುವ ಹೊತ್ತಿನಲ್ಲಿಯೇ ಸೊಸೈಟಿಯ ಸಾಲ, ತಂಗಿಯ ಮದುವೆ, ಕೊಳವೆಬಾವಿಯ ಮಾತು ತೆಗೆಯುತ್ತಾರಂತೆ. ಅದನ್ನು ಶನಿವಾರ ಬೆಳಿಗ್ಗೆಯೇ ಕುಳಿತು ಮಾತಾಡಿರಿ ಎಂದೆವು. ನಮ್ಮ ಕಾಲದಲ್ಲಿ ಇವೆಲ್ಲ ಇರಲಿಲ್ಲ ಎನ್ನುವುದನ್ನೂ ಬಿಡಿರಿ ಎಂದಾಗ ಅವರು ನಕ್ಕುಬಿಟ್ಟರು. ತಾವು ಸಣ್ಣವರಿದ್ದಾಗ ಗೌಡರ ಮನೆಯ ಜೀತಕ್ಕೆ ಹೋಗುವ ಮುಂಜಾನೆ ಬಣವೆಯ ಹಿಂದೆ ಅಡಗಿದ್ದನ್ನು ಮಗನೆದುರಿಗೇ ಹೇಳಿದರು. ಮಗ ಅದನ್ನು ಅಂದೇ ಮೊದಲು ಕೇಳಿದ್ದು.

ಈ ಭಯ ಒಂದು ಸಂಜೆಗೆ ನಿಲ್ಲದೆ ವಾರಗಟ್ಟಲೆ ನಿದ್ರೆ, ಊಟ ಕೆಡಿಸಿದರೆ, ಎದೆ ಹೊಡೆದುಕೊಂಡರೆ, ಬದುಕೇ ಬೇಡವೆನಿಸಿದರೆ ವಿಭೂತಿ ಹಚ್ಚಿಕೊಂಡು ಸುಮ್ಮನೆ ಕೂಡಬೇಡಿರಿ. ವೈದ್ಯರಲ್ಲಿಗೆ ಹೋಗಬೇಕು. ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆ ಇದೆ. 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಇದರಲ್ಲಿ ನಾಚಿಕೆಯ ಮಾತಿಲ್ಲ.

ಹುಡುಗ ಆ ರಾತ್ರಿ ಎರಡು ರೊಟ್ಟಿ ಉಂಡು ಬಸ್ಸು ಹತ್ತಿದ. ದಸರೆಯ ಹೊತ್ತಿಗೆ ಫೋನು ಮಾಡಿದ್ದ. “ಚೀಟಿ ಬರೀತೇನ್ರಿ ಅಜ್ಜಾರ, ಐತವಾರ ಊಟನೂ ಸೇರತೈತಿ. ಮೀಟಿಂಗ್ ಮಾತ್ರ ಹಂಗ ಐತ್ರಿ. ನಾವು ಮೂರು ಮಂದಿ ಕೂಡಿ ಸಾಹೇಬರಿಗೆ ಹೇಳಬೇಕಂತ ಮಾಡೇವ್ರಿ” ಎಂದ. ಯಾವಾಗ ಎಂದು ಕೇಳಿದೆವು. “ಬರೂ ಸೋಮವಾರ್ರೀ” ಎಂದ.